ಉಪ್ಪಿಲ್ಲದ ಕುಡಿಕೆ

ರಾಜೀಮತಿ ಟೀಚರನ್ನು ಕಂಡರೆ ಆಗದವರು ಹೊಳೆನರಸೀಪುರದಲ್ಲಿ ಬಹಳ ಜನ ಇದ್ದರು. ಮಗ್ಗಿ ತಪ್ಪಿದ ಹುಡುಗಿಯ ತಾಯಿಯನ್ನು ಶಾಲೆಗೆ ಕರೆಸಿ, ಮಗಳ ಎದುರಿಗೇ ಆ ತಾಯಿಯಿಂದ ಮಗ್ಗಿ ಹೇಳಿಸಿದವಳು ಅವಳು. ಬೀದಿಗೆ ಮುಸುರೆ ನೀರು ಚೆಲ್ಲಿದವರ ಬಾಗಿಲಲ್ಲಿ ನಿಂತು, ಅವರು ಬಳಿದು ತೆಗೆಯುವ ತನಕ ಕದಲದವಳು. ಗಂಡ ವೃಷಭರಾಜ ಹಿತ್ತಾಳೆ ಪಾತ್ರೆಯ ವ್ಯಾಪಾರಿ. ಮದುವೆಯಾದ ನಾಲ್ಕನೇ ವರ್ಷಕ್ಕೆ ವಿಷಮಶೀತ ಜ್ವರ ಬಂದು ಹೋಗಿಬಿಟ್ಟ. ಚನ್ನರಾಯಪಟ್ಟಣದಿಂದ ಅಣ್ಣ ಆದಿರಾಜಯ್ಯ ಗಾಡಿ ಕಟ್ಟಿಸಿಕೊಂಡು ಬಂದು ತವರಿಗೆ ಕರೆದರೆ ಅವಳು ಹೋಗಲಿಲ್ಲ. ಹಾಸನಕ್ಕೆ ಹೋಗಿ ಟ್ರೈನಿಂಗ್ ಮುಗಿಸಿ, ಗಂಡನ ಮನೆಯಲ್ಲೇ ಒಬ್ಬಳೇ ಉಳಿದು, ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಒಬ್ಬಳೇ ಇರುವ ಹೆಂಗಸು ಮೆತ್ತಗೆ ಮಾತಾಡಿದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದನ್ನು ಮೊದಲ ಎರಡು ವರ್ಷದಲ್ಲೇ ಕಂಡುಕೊಂಡಳು. ಆಮೇಲೆ ಯಾರೊಂದಿಗೂ ಮೆತ್ತಗೆ ಮಾತಾಡಲಿಲ್ಲ.

ಊರಿನವರ ಸಿಟ್ಟೆಲ್ಲ ಒಂದು ತೂಕವಾದರೆ, ಹಿತ್ತಿಲಿನ ಹೊನ್ನಕ್ಕನ ಸಿಟ್ಟೇ ಒಂದು ತೂಕ. ಹೊನ್ನಕ್ಕ ಅರಕಲಗೂಡು ಕಡೆಯವಳು. ಲಾರಿ ಓಡಿಸುತ್ತಿದ್ದ ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ಬಸ್ ಡ್ರೈವರುಗಳಿಗೆ ಅಡಿಗೆ ಮಾಡಿ ಹಾಕಲು ಶುರುಮಾಡಿ, ೧೯೫೨ರಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಮಿಲ್ಟ್ರಿ ಹೋಟೆಲನ್ನೇ ತೆರೆದಳು. ಹೋಟೆಲಿನ ಹಿತ್ತಿಲಿಗೂ ರಾಜೀಮತಿಯ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ, ಅಷ್ಟೇ. ಮುಳ್ಳುಸೌದೆಯ ಹೊಗೆ, ಮಸಾಲೆಯ ಘಾಟು ನೇರ ಈಚೆಗೆ ಬರುತ್ತಿತ್ತು. ಕಾಗೆಗಳು ಮೂಳೆ ಕಚ್ಚಿ ತಂದು ಅವಳ ಬಾವಿಕಟ್ಟೆಯ ಮೇಲೆ ಹಾಕುತ್ತಿದ್ದವು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ ಅದು. ರಾಜೀಮತಿ ಮೂಳೆಯನ್ನು ಇಕ್ಕಳದಲ್ಲಿ ಹಿಡಿದು ಗೋಡೆಯಾಚೆ ಎಸೆದು, ಬಾವಿಕಟ್ಟೆ ತೊಳೆದು, ಸ್ನಾನ ಮಾಡಿ, ಪುರಸಭೆಗೆ ಅರ್ಜಿ ಬರೆಯುತ್ತಿದ್ದಳು. ಮೂರು ಅರ್ಜಿ ಬರೆದಳು. ಮೂರು ಸಲವೂ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ನೋಡಿ, ಚೊಕ್ಕಟವಾಗಿರಬೇಕೆಂದು ಹೊನ್ನಕ್ಕನಿಗೆ ಹೇಳಿ ಹೋದರು. ನಾಲ್ಕನೆಯದರಲ್ಲಿ ಅವಳು ಹೊಗೆ, ಮೂಳೆಯ ಜೊತೆಗೆ ಇನ್ನೊಂದು ಸಾಲು ಸೇರಿಸಿದಳು: ‘ಸದರಿ ಹೋಟೆಲಿನಲ್ಲಿ ಕೊಳೆತ ಮಾಂಸವನ್ನು ಬೇಯಿಸಿ ಬಡಿಸುತ್ತಾರೆ.’ ಅದನ್ನು ಅವಳು ನೋಡಿರಲಿಲ್ಲ. ವಾಸನೆಯ ಮೇಲೆ ಬರೆದಳು.

ಇಬ್ಬರಿಗೂ ಒಂದೇ ಬೆಕ್ಕು ಇದೆ ಎಂಬುದು ಮಾತ್ರ ಇಬ್ಬರಿಗೂ ಬಹಳ ಕಾಲ ತಿಳಿದಿರಲಿಲ್ಲ. ಬಿಳಿಯ ಮೈ, ಬೆನ್ನ ಮೇಲೆ ಕಂಬಳಿ ಹೊದೆಸಿದಂತೆ ಕಪ್ಪು ಮಚ್ಚೆ ಇದ್ದ ಹೆಣ್ಣು ಬೆಕ್ಕು ಅದು. ರಾಜೀಮತಿ ಅದನ್ನು ಬೆಳ್ಳಿ ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಹಾಲನ್ನ, ಸಂಜೆ ಮೊಸರನ್ನ. ಶಾಲೆಯಿಂದ ಬಂದು ಕಾಲು ತೊಳೆದರೆ ಮಡಿಲಿಗೆ ಬರುವ ಜೀವ ಅದೊಂದೇ. ತನ್ನ ಮನೆಯ ಅನ್ನ ತಿಂದು ಅದಕ್ಕೂ ಸಾತ್ವಿಕ ಬುದ್ಧಿ ಬಂದಿದೆ ಎಂದು ಅವಳು ಜೊತೆಯ ಟೀಚರುಗಳ ಮುಂದೆ ಹೇಳಿಕೊಂಡದ್ದೂ ಉಂಟು. ಮಧ್ಯಾಹ್ನ ಅದು ಎಲ್ಲಿರುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಮಧ್ಯಾಹ್ನ ಅದು ಗೋಡೆಯಾಚೆ, ಹೊನ್ನಕ್ಕನ ಒಲೆಯ ಮುಂದೆ, ಗೌಡ್ತಿ ಎಂಬ ಹೆಸರಿನಲ್ಲಿ ಕುರಿಯ ಈಲಿ, ಅಂದರೆ ಲಿವರು, ಒಣಮೀನು, ಮಟನ್ ಚೂರು ತಿಂದು ಮಲಗಿರುತ್ತಿತ್ತು. ಒಂದು ರಜಾದಿನ ಗೋಡೆಯ ಮೇಲಿಂದ ಇಣುಕಿ ಇದನ್ನು ಕಣ್ಣಾರೆ ನೋಡಿದ ದಿನ ರಾಜೀಮತಿಗೆ ಊಟ ಸೇರಲಿಲ್ಲ. ಬೆಕ್ಕಿನ ಮೇಲೆ ಬಂದ ಸಿಟ್ಟನ್ನೂ ಹೊನ್ನಕ್ಕನ ಲೆಕ್ಕಕ್ಕೇ ಹಾಕಿದಳು.

೧೯೬೦ರ ಮಳೆಗಾಲ ಮುಗಿಯುವ ಹೊತ್ತಿಗೆ ಬೆಕ್ಕು ಇಳಿಯತೊಡಗಿತು. ಅದಕ್ಕಾಗ ಹತ್ತು ವರ್ಷ. ಬೆನ್ನು ಸವರಿದರೆ ಮಣಿಮಣಿಯಾಗಿ ಎಲುಬು ಕೈಗೆ ಸಿಗುತ್ತಿತ್ತು. ಕೂದಲು ಒರಟಾಗಿ ನಿಂತಿತು. ಬಾವಿಕಟ್ಟೆಯ ಗುಂಡಿಯಲ್ಲಿ ನಿಂತ ನೀರಿನ ಮುಂದೆ ಕುಕ್ಕರಿಸಿ, ಎಷ್ಟು ಕುಡಿದರೂ ಸಾಲದೆಂಬಂತೆ ನೆಕ್ಕುತ್ತಲೇ ಇರುತ್ತಿತ್ತು. ಕುಡಿದಷ್ಟೂ ಉಚ್ಚೆ. ಬೂದಿಗುಡ್ಡೆಯೆಲ್ಲ ಒದ್ದೆ. ಬೆಳಿಗ್ಗೆ ಎದ್ದರೆ ನೊರೆ ನೊರೆಯಾಗಿ ವಾಂತಿ. ಬಾಯಿ ಹತ್ತಿರ ತಂದರೆ ಕೊಟ್ಟಿಗೆಯ ಗಂಜಲದ ನಾತ. ರಾಜೀಮತಿ ಎರಡು ದಿನ ನೋಡಿದಳು. ಮೂರನೆಯ ದಿನ ಗೋಡೆಯ ಹತ್ತಿರ ಹೋಗಿ, ಬೆಕ್ಕಿಗೆ ವಿಷ ಹಾಕಿದ್ದೀಯಾ ಎಂದು ಹೊನ್ನಕ್ಕನನ್ನು ನೇರವಾಗಿ ಕೇಳಿದಳು. ಅರ್ಜಿಯ ಸೇಡನ್ನು ಮೂಕಜೀವದ ಮೇಲೆ ತೀರಿಸಿಕೊಳ್ಳುವವಳು ಮನುಷ್ಯಳೇ ಅಲ್ಲ ಎಂದೂ ಸೇರಿಸಿದಳು.

ಹೊನ್ನಕ್ಕ ಮಸಾಲೆ ಅರೆಯುತ್ತಿದ್ದವಳು ಕೈ ತೊಳೆಯದೆಯೇ ಎದ್ದು ಬಂದಳು.

“ಇಸ ಆಕೋಳಾಗಿದ್ರೆ ಮದ್ಲು ನಿಮಗೇ ಆಕ್ತಿದ್ದೆ ಟೀಚರಮ್ಮ,” ಎಂದಳು. “ನಿಮ್ಮನೇಲಿ ಬರೀ ಅನ್ನ ತಿಂದೂ ತಿಂದೂ ಅದು ಸೊರಗೋಗೈತೆ. ಉಪಾಸ ಕೆಡವಿ ಕೊಲ್ತಾ ಇರೋರು ನೀವು ಕಣ.”

ಅವತ್ತೇ ರಾಜೀಮತಿ ರಜೆ ಚೀಟಿ ಬರೆದು ಕಳಿಸಿದಳು. ವಿಷ ಹಾಕಿದ್ದು ನಿಜವಾದರೆ ಡಾಕ್ಟರ ಕೈಯಲ್ಲಿ ಬರೆಸಿಕೊಂಡು ಬರಬೇಕೆಂಬುದೇ ಅವಳ ಮನಸ್ಸಿನಲ್ಲಿದ್ದದ್ದು. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ಹಾಸನದ ಬಸ್ಸಿಗೆ ಹೋದರೆ, ಹೊರಡುವ ಹೊತ್ತಿಗೆ ಬೆಕ್ಕು ಅಪಶಕುನ ಎಂದು ಕಂಡಕ್ಟರ್ ಹತ್ತಿಸಲಿಲ್ಲ. ಅವನ ನಂಬರು ಬರೆದುಕೊಂಡು ರೈಲ್ವೆ ಸ್ಟೇಷನ್ನಿಗೆ ನಡೆದಳು. ರೈಲಿನಲ್ಲಿ ಎದುರು ಕೂತಿದ್ದವರು ಬುಟ್ಟಿಯೊಳಗಿನ ಕೂಗು ಕೇಳಿ ಎದ್ದು ಬೇರೆ ಕಡೆ ಹೋದರು. ದನದ ಆಸ್ಪತ್ರೆಯಲ್ಲಿ ಎತ್ತು, ಎಮ್ಮೆ ಹಿಡಿದು ನಿಂತಿದ್ದ ಸಾಲಗಾಮೆ, ಕಟ್ಟಾಯದ ಕಡೆಯ ರೈತರು ಬೆಕ್ಕಿಗೆ ಔಷಧಿ ಕೊಡಿಸಲು ಬಂದ ಹೆಂಗಸನ್ನು ನೋಡಿ ನಕ್ಕರು. ಒಬ್ಬ, ಮುಂದಿನ ಸಲ ಇಲಿಯನ್ನೂ ಕರಕೊಂಡು ಬನ್ನಿ ಅಂದ. ಅವಳು ಅವನತ್ತ ತಿರುಗಿ, ನಿನ್ನ ಎತ್ತಿನ ಹೆಗಲಿನ ಹುಣ್ಣಿಗೆ ಎಂಟು ದಿನದ ಹಿಂದೆಯೇ ಬರಬೇಕಿತ್ತು, ಆಗ ಎಲ್ಲಿ ನಗುತ್ತಾ ಕೂತಿದ್ದೆ ಎಂದು ಕೇಳಿದಳು. ಆಮೇಲೆ ಯಾರೂ ನಗಲಿಲ್ಲ.

ಡಾಕ್ಟರ್ ಚನ್ನಬಸವಯ್ಯನವರು ಮದರಾಸಿನಲ್ಲಿ ಓದಿ ಬಂದವರು, ಇನ್ನೂ ಮೂವತ್ತು ತುಂಬಿರಲಿಲ್ಲ. ಬೆಕ್ಕನ್ನು ಮುಟ್ಟಲು ಅವರಿಗೂ ಮೊದಲು ಮನಸ್ಸಿರಲಿಲ್ಲ. ದನಕರು ಕಾದಿವೆ, ಮಧ್ಯಾಹ್ನ ಬನ್ನಿ ಎಂದರು. ಅವಳು ಮಧ್ಯಾಹ್ನದ ತನಕ ಬೇವಿನ ಮರದ ಕೆಳಗೆ ಕೂತಳು. ಕೊನೆಗೆ ಅವರು ಬೆಕ್ಕನ್ನು ಮೇಜಿನ ಮೇಲಿಟ್ಟು, ಎರಡು ಕೈಯಿಂದ ಹೊಟ್ಟೆಯನ್ನು ಅಮುಕಿ ಅಮುಕಿ ಬಹಳ ಹೊತ್ತು ನೋಡಿದರು. ವಸಡು ನೋಡಿದರು, ಬಿಳಿಚಿತ್ತು. ಉಚ್ಚೆಯನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಬಾವಿಯ ನೀರಿನಷ್ಟು ತೆಳ್ಳಗಿದ್ದ ಅದರ ಮೇಲ್ಭಾಗ ಹಾಲು ಒಡೆದಂತೆ ಬೆಳ್ಳಗಾಯಿತು.

ವಿಷ ಅಲ್ಲ ಅಂದರು. ಮೂತ್ರಪಿಂಡ ಎರಡೂ ಕೆಟ್ಟಿವೆ. ದೊಡ್ಡ ನೆಲ್ಲಿಕಾಯಿಯಷ್ಟು ನುಣ್ಣಗಿರಬೇಕಾದದ್ದು ಸುಕ್ಕಿ, ಹಲಸಿನ ಬೀಜದ ಹಾಗೆ ಗಟ್ಟಿಯಾಗಿದೆ. ವಯಸ್ಸಾದ ಬೆಕ್ಕುಗಳಿಗೆ ಬರುವಂಥದ್ದು, ಒಂದು ದಿನದಲ್ಲಿ ಬಂದದ್ದಲ್ಲ, ವಾಸಿಯಾಗುವುದೂ ಇಲ್ಲ. ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ಎರಡು ಪುಟ ಓದಿಕೊಂಡು, ಔಷಧಿಗಿಂತ ಊಟವೇ ಮುಖ್ಯ, ಏನು ಹಾಕುತ್ತೀರಿ ಎಂದು ಕೇಳಿದರು. ಅವಳು ತನ್ನ ಮನೆಯದನ್ನೂ ಹೇಳಿದಳು, ಗೋಡೆಯಾಚೆಯದನ್ನೂ ಹೇಳಿದಳು. ವಿಷದ ಮಾತು ಬಿದ್ದುಹೋದರೂ ಒಣಮೀನಿನ ಮೇಲೆ ತಪ್ಪು ಹೊರಿಸಬಹುದೆಂಬ ಆಸೆ ಅವಳಿಗಿತ್ತು.

“ತಪ್ಪು ಇಬ್ಬರದೂ ಇದೆಯಮ್ಮ,” ಎಂದರು ಡಾಕ್ಟರು. “ಆಕೆ ಉಪ್ಪು, ಮೂಳೆ, ಈಲಿ ಹಾಕಿ ಮೂತ್ರಪಿಂಡದ ಮೇಲೆ ಹೊರೆ ಹೊರಿಸ್ತಿದಾರೆ. ನೀವು ಬರೀ ಅನ್ನ ಹಾಲು ಹಾಕಿ ಮೈಯಲ್ಲಿರೋ ಮಾಂಸ ಕರಗಿಸ್ತಿದೀರಿ. ಬೆಕ್ಕು ಬೆಕ್ಕೇ. ಪೂರ್ತಿ ಮಾಂಸ ಬಿಡಿಸಿದರೆ ಈ ಕಾಯಿಲೆಗಿಂತ ಮುಂಚೆ ಹಸಿವಿಗೇ ಸಾಯುತ್ತೆ.”

ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಉಪ್ಪು ಒಂದು ಹರಳೂ ಕೂಡದು. ಒಣಮೀನು, ಮೂಳೆ, ಈಲಿ ಕೂಡದು. ಎರಡು ಬೆರಳಗಲದ ಒಳ್ಳೆಯ ಮಾಂಸ, ಬರೀ ನೀರಿನಲ್ಲಿ ಬೇಯಿಸಿದ್ದು. ಒಂದು ಮೊಟ್ಟೆಯ ಬಿಳಿ ಭಾಗ. ಅದಕ್ಕೆ ಮುದ್ದೆಯಂತೆ ಬೆಂದ ಅನ್ನ, ತುಪ್ಪ. ಹಾಲು ಕಡಿಮೆ. ಎಲ್ಲವನ್ನೂ ದಿನಕ್ಕೆ ನಾಲ್ಕು ಸಲವಾಗಿ, ಸ್ವಲ್ಪ ಸ್ವಲ್ಪ. ನೀರು ಮಾತ್ರ ಅದು ಹೋದ ಕಡೆಯೆಲ್ಲ ಇರಬೇಕು. ಹೀಗೆ ನಡೆಸಿದರೆ ಒಂದು ವರ್ಷ ಬದುಕಬಹುದು, ನಡೆಸದಿದ್ದರೆ ಎರಡು ತಿಂಗಳು.

ವಾಪಸು ಬರುವ ರೈಲಿನಲ್ಲಿ ರಾಜೀಮತಿ ಆ ಚೀಟಿಯನ್ನು ಎಷ್ಟು ಸಲ ಓದಿದಳೋ. ಅನ್ನ, ತುಪ್ಪ, ನೀರು ತನ್ನಿಂದಾಗುತ್ತದೆ. ಮಾಂಸ ಮೊಟ್ಟೆ ತನ್ನ ಮನೆಯ ಒಲೆಯ ಮೇಲೆ ಏರುವ ಮಾತೇ ಇಲ್ಲ. ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿದರೆ ಹಸಿವಿಗೆ ಸಾಯುತ್ತದೆ, ಬಿಟ್ಟರೆ ಉಪ್ಪಿಗೆ ಸಾಯುತ್ತದೆ. ಉಳಿದದ್ದು ಒಂದೇ ದಾರಿ, ಅದು ಗೋಡೆಯ ಹತ್ತಿರಕ್ಕೆ ಹೋಗುತ್ತಿತ್ತು.

ಮಾರನೆಯ ಬೆಳಿಗ್ಗೆ ಗೋಡೆಯ ಬಳಿ ನಿಂತು, ವಿಷವಲ್ಲ ಎಂದು ಡಾಕ್ಟರು ಹೇಳಿದರೆಂದಳು. ತಪ್ಪಾಯಿತು ಎನ್ನಲಿಲ್ಲ. ಚೀಟಿಯನ್ನು ಪಾಠ ಓದುವಂತೆ ಓದಿ ಹೇಳಿ, ಮಾಂಸ ಮೊಟ್ಟೆ ನೀನು ಬೇಯಿಸಬೇಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದಳು. ಹೊನ್ನಕ್ಕ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು.

“ಅರ್ಜಿ ವಾಪಸ್ ತಕ್ಕತೀರಾ?”

“ಅರ್ಜಿಗೂ ಬೆಕ್ಕಿಗೂ ಏನು ಸಂಬಂಧ? ಅರ್ಜಿ ನಡೆಯುತ್ತೆ.”

“ಅಂಗಾರೆ ನಿಮ್ ಬೆಕ್ಕ ನೀವೇ ಸಾಕ್ಕಳಿ. ನನ್ ಒಟ್ಟೆ ಮ್ಯಾಲೆ ಒಡೆಯೋ ಕಾಗ್ದ ಬರ್ದು, ನನ್ ಕೈಲೇ ಅಡಿಗೆ ಮಾಡಿಸ್ಕತೀನಿ ಅಂತೀರಲ್ಲ, ನಿಮ್ದು ಮಕವೋ ಏನೋ.” ಹೀಗೆಂದು ನೆಲಕ್ಕೆ ಉಗಿದು ಒಳಗೆ ಹೋದಳು.

ರಾಜೀಮತಿ ಶಾಲೆಗೆ ಹೋದಳು. ಅವತ್ತು ಎರಡನೇ ಕ್ಲಾಸಿನ ಮಕ್ಕಳಿಗೆಲ್ಲ ಏಟು ಬಿತ್ತು. ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಬಂದರೆ ಗೋಡೆಯ ಮೇಲೆ ಒಂದು ಸಣ್ಣ ಮಣ್ಣಿನ ಕುಡಿಕೆ. ಒಳಗೆ ಬೆಂದ ಮಾಂಸದ ನಾಲ್ಕು ಚೂರು, ಮೊಟ್ಟೆಯ ಬಿಳಿ. ಆಚೆ ಕಡೆಯಿಂದ ಹೊನ್ನಕ್ಕ ಯಾರಿಗೋ ಹೇಳುವಂತೆ ಗಟ್ಟಿಯಾಗಿ ಹೇಳಿದಳು, ಗೌಡ್ತಿ ನನ್ನ ಮಗಳ ಸಮ, ನಾಳೆ ಸತ್ತರೆ ಹೊನ್ನಕ್ಕನೇ ಕೊಂದಳು ಅಂತ ಇನ್ನೊಂದು ಅರ್ಜಿ ಬರೆಸಿಕೊಳ್ಳುವ ಇರಾದೆ ನನಗಿಲ್ಲ ಎಂದು.

ಉಪ್ಪು ಹಾಕಿದ್ದಾಳೋ ಇಲ್ಲವೋ ತಿಳಿಯುವುದು ಹೇಗೆ? ರಾಜೀಮತಿ ನಾಲಗೆಗೆ ಹಚ್ಚಿ ನೋಡುವಂತಿಲ್ಲ. ಗೋಡೆಯ ಮೇಲಿಂದ ಬಗ್ಗಿ, ಕುಡಿಕೆ ಒಲೆಯ ಮೇಲೆ ಏರುವಾಗಲೇ ನೋಡಬೇಕೆಂದು ತೀರ್ಮಾನಿಸಿದಳು. ಅಂದಿನಿಂದ ದಿನಾ ಬೆಳಿಗ್ಗೆ ಆರೂವರೆಗೆ ಮೂಗಿಗೆ ಸೆರಗು ಹಿಡಿದು ಗೋಡೆಯ ಪಕ್ಕ ನಿಲ್ಲುವುದು, ಹೊನ್ನಕ್ಕ ಹಸಿ ಮಾಂಸವನ್ನು ಎತ್ತಿ ಇವಳ ಮುಖದ ಮುಂದೆ ಬೇಕೆಂತಲೇ ಆಡಿಸಿ ಕುಡಿಕೆಗೆ ಹಾಕುವುದು, ಇಬ್ಬರೂ ಮಾತಾಡದೆ ಅದು ಬೇಯುವ ತನಕ ಕಾಯುವುದು ನಡೆಯಿತು. ಕುಡಿಕೆ ಗೋಡೆಗೆ ಬಂದ ಮೇಲೆ ರಾಜೀಮತಿ ಅದಕ್ಕೆ ಅಂಗಳದಲ್ಲೇ ಒಂದು ಕಲ್ಲಿನ ಮೇಲೆ, ಬೇರೆ ಇಟ್ಟುಕೊಂಡ ಮರದ ಚಮಚದಿಂದ ಅನ್ನ ತುಪ್ಪ ಕಲೆಸುತ್ತಿದ್ದಳು. ಆಮೇಲೆ ತಲೆಗೆ ನೀರು. ಚಳಿಗಾಲದಲ್ಲೂ ತಪ್ಪಿಸಲಿಲ್ಲ.

ಬೆಕ್ಕು ಮಾತ್ರ ಮೊದಲಿಗೆ ಅದನ್ನು ಮೂಸಿ, ಮಣ್ಣು ಮುಚ್ಚುವಂತೆ ಕಾಲಿನಿಂದ ಕೆರೆದು ಹೊರಟುಹೋಯಿತು. ಮೂರು ದಿನ ಹೀಗೆಯೇ ಆಯಿತು. ಬೆಕ್ಕು ಇನ್ನೂ ಇಳಿಯಿತು. ರಾಜೀಮತಿ, ಡಾಕ್ಟರು ಬರೆದದ್ದು ಬರೆದದ್ದೇ, ಹಸಿದರೆ ತಾನೇ ತಿನ್ನುತ್ತದೆ ಎಂದು ಪಟ್ಟು ಹಿಡಿದಳು. ಹಟಮಾರಿ ಮಕ್ಕಳನ್ನು ಅವಳು ಹಾಗೆಯೇ ದಾರಿಗೆ ತಂದಿದ್ದಳು. ನಾಲ್ಕನೆಯ ದಿನ ಹೊನ್ನಕ್ಕ ಗೋಡೆಯ ಹತ್ತಿರ ಬಂದು, ಬೆಕ್ಕೇನು ನಿಮ್ಮ ಇಸ್ಕೂಲಿನ ಹುಡುಗಿಯಲ್ಲ, ಹಟಕ್ಕೆ ಬಿದ್ದರೆ ಸಾಯುತ್ತದೆಯೇ ಹೊರತು ಸೋಲುವುದಿಲ್ಲ ಎಂದಳು. ಮುಕ್ಕಾಲು ಪಾಲು ಹಳೆಯ ಊಟ, ಕಾಲು ಪಾಲು ಹೊಸದು, ಮೇಲೆ ಎರಡು ತೊಟ್ಟು ಕೋಳಿ ಕೊಬ್ಬು, ಎಲ್ಲವನ್ನೂ ಕೈಗೆ ಬೆಚ್ಚಗೆ ತಾಕುವಷ್ಟು ಬಿಸಿ ಮಾಡಿ ಇಟ್ಟಳು. ಬೆಕ್ಕು ತಿಂದಿತು. ದಿನಾ ಹಳೆಯದನ್ನು ಒಂದು ಚೂರು ಕಡಿಮೆ ಮಾಡುತ್ತಾ, ಇಪ್ಪತ್ತು ದಿನಕ್ಕೆ ಉಪ್ಪಿನ ರುಚಿಯನ್ನೇ ಬಿಡಿಸಿದಳು. ರಾಜೀಮತಿ ನೋಡಿಯೂ ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೇ ಅವಳಿಗೆ ಕಷ್ಟವಾಯಿತು.

ನೀರಿನ ಕೆಲಸ ಅವಳದು. ಬಾವಿಕಟ್ಟೆ, ಜಗುಲಿ, ಸೌದೆ ರಾಶಿಯ ಪಕ್ಕ, ಹಿತ್ತಿಲಿನ ಎರಡು ಮೂಲೆ, ಹೀಗೆ ಐದು ಕಡೆ ಅಗಲ ಬಾಯಿಯ ಬಟ್ಟಲಿನಲ್ಲಿ ಸೋಸಿದ ನೀರು. ಹೋಟೆಲಿನ ಕಡೆಗೂ ಒಂದು ಇರಲೆಂದು ಗೋಡೆಯ ಮೇಲಿಟ್ಟರೆ, ಹೊನ್ನಕ್ಕ ಅದನ್ನು ಚೆಲ್ಲಿ ತನ್ನದೇ ಬಟ್ಟಲಿಟ್ಟಳು. ಹೋಟೆಲಿಗೆ ಬರುವವರು ಅಭ್ಯಾಸಬಲದಿಂದ ಬೆಕ್ಕಿಗೆ ಮೂಳೆ ಎಸೆಯುತ್ತಿದ್ದರು. ಎಸೆಯಬೇಡಿ ಎಂದು ಹೊನ್ನಕ್ಕ ಹೇಳಿ ಹೇಳಿ ಸಾಕಾದಳು. ಅರಕಲಗೂಡು ಬಸ್ಸಿನ ಡ್ರೈವರ್ ಬೈರಯ್ಯ ಅವಳ ಹೋಟೆಲು ಶುರುವಾದಾಗಿನಿಂದ ಉಣ್ಣುತ್ತಿದ್ದವನು. ಅವನು ಒಂದು ದಿನ ಕಣ್ಣು ತಪ್ಪಿಸಿ ಒಣಮೀನಿನ ತಲೆ ಹಾಕಿದ. ಹೊನ್ನಕ್ಕ ಅವನ ಮುಂದಿನ ಎಲೆಯನ್ನು ಅರ್ಧ ಊಟದಲ್ಲೇ ಎತ್ತಿ ತಿಪ್ಪೆಗೆ ಹಾಕಿ, ಎದ್ದೋಗು ಅಂದಳು. ಅವನು ಆಮೇಲೆ ಆರು ತಿಂಗಳು ಅತ್ತ ಸುಳಿಯಲಿಲ್ಲ. ಗೋಡೆಯ ಈಚೆಯಿಂದ ಇದನ್ನು ಕೇಳಿಸಿಕೊಂಡ ರಾಜೀಮತಿಗೆ ಮೆಚ್ಚಿಗೆಯಾಯಿತು. ಆದರೆ ಅವತ್ತೇ ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕಾಗೆ ಒಂದು ಮೂಳೆ ತಂದು ಹಾಕಿತು. ಅವಳು ಅದನ್ನು ಎಂದಿನಂತೆ ಇಕ್ಕಳದಲ್ಲಿ ಹಿಡಿದು, ಎಂದಿಗಿಂತ ಜೋರಾಗಿಯೇ ಆಚೆಗೆ ಎಸೆದಳು.

ಯುಗಾದಿ ಬರುವ ಹೊತ್ತಿಗೆ ಬೆಕ್ಕಿನ ವಾಂತಿ ನಿಂತಿತ್ತು. ಮೈ ತುಂಬಲಿಲ್ಲ, ಆದರೆ ಇಳಿಯುವುದೂ ನಿಂತಿತು. ಬಿಸಿಲಲ್ಲಿ ಕೂತು ಮೈ ನೆಕ್ಕಿಕೊಳ್ಳತೊಡಗಿತು.

ಮಹಾವೀರ ಜಯಂತಿಗೆ ಕರೆಯಲು ಅಣ್ಣ ಆದಿರಾಜಯ್ಯ ಬಂದದ್ದು ಆಗ. ಹೇಳದೆ ಬೆಳಗಿನ ಬಸ್ಸಿಗೆ ಬಂದವನು ಮುಂಬಾಗಿಲು ತೆರೆದಿದ್ದನ್ನು ನೋಡಿ ನೇರ ಹಿತ್ತಿಲಿಗೇ ಬಂದ. ತಂಗಿ ಕಲ್ಲಿನ ಮುಂದೆ ಕುಕ್ಕರಿಸಿ ಮಾಂಸದ ಕುಡಿಕೆಯೊಳಗೆ ಚಮಚ ಆಡಿಸುತ್ತಿದ್ದಳು. ಅವನು ಅಲ್ಲೇ ಕಂಬದ ಹಾಗೆ ನಿಂತ. ರಾಜೀಮತಿ ಎದ್ದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನು ಕೊಂದಿಲ್ಲ, ಕೊಲ್ಲಿಸಿಲ್ಲ, ಹೋಟೆಲಿಗೆಂದು ತಂದದ್ದರಲ್ಲಿ ಒಂದು ಚೂರು ಎಂದಳು. ಆದಿರಾಜಯ್ಯ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಾಡಿದವನಿಗೆಷ್ಟೋ ಮಾಡಿಸಿದವನಿಗೂ ಅಷ್ಟೇ, ನೋಡಿ ಒಪ್ಪಿದವನಿಗೂ ಅಷ್ಟೇ ಎಂಬುದನ್ನು ಅಪ್ಪ ನಿನಗೆ ಹೇಳಿಕೊಟ್ಟಿರಲಿಲ್ಲವೇ ಎಂದು ಕೇಳಿದ.

“ಹೇಳಿಕೊಟ್ಟಿದ್ದರು,” ಎಂದಳು ರಾಜೀಮತಿ. “ಹತ್ತು ವರ್ಷ ಅನ್ನ ಹಾಕಿ ಪುಣ್ಯ ಮಾಡ್ತಿದೀನಿ ಅಂದ್ಕೊಂಡಿದ್ದೆ. ಅದು ಹಸ್ಕೊಂಡಿತ್ತು. ಅದು ಯಾವ ಲೆಕ್ಕಕ್ಕೆ ಬರುತ್ತೆ, ನೀನೇ ಹೇಳಣ್ಣ.”

ಅವನು ಬಂದ ಬಾಗಿಲಿಗೇ ತಿರುಗಿದ. ಒಂದು ಲೋಟ ನೀರೂ ಕುಡಿಯದೆ ವಾಪಸಾದ. ಆ ವರ್ಷ ಜಯಂತಿಗೆಂದು ಅವಳು ಚನ್ನರಾಯಪಟ್ಟಣಕ್ಕೆ ಹೋದಾಗ ಅತ್ತಿಗೆ ಮರುದೇವಿ ಬಾಗಿಲಲ್ಲೇ ಮಣೆ ಹಾಕಿದಳು, ಅಡಿಗೆಮನೆಯ ಕಡೆ ಹೋಗಗೊಡಲಿಲ್ಲ, ಊಟದ ಪಂಕ್ತಿಯಿಂದ ಹೊರಗೆ ಬೇರೆ ತಟ್ಟೆ ಇಟ್ಟಳು. ರಾಜೀಮತಿ ತಟ್ಟೆ ಮುಟ್ಟದೆ ಚೀಲ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ದಾರಿಯುದ್ದಕ್ಕೂ ಅವಳಿಗೆ ಅಣ್ಣನ ಮೇಲಾಗಲಿ ಅತ್ತಿಗೆಯ ಮೇಲಾಗಲಿ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಹೊನ್ನಕ್ಕನ ಮೇಲೆ. ಆ ಹೋಟೆಲು ಅಲ್ಲಿ ಬಾರದೇ ಇದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ನ್ಯಾಯವಲ್ಲ ಎಂದೂ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಹೋಗಲಿಲ್ಲ.

ನಾಲ್ಕನೇ ಅರ್ಜಿಯ ವಿಚಾರಣೆ ೧೯೬೧ರ ಜುಲೈನಲ್ಲಿ ಬಂತು. ಕೊಳೆತ ಮಾಂಸ ಎಂಬ ಮಾತು ಇದ್ದುದರಿಂದ ಈ ಸಲ ಬರೀ ಎಚ್ಚರಿಕೆಯಲ್ಲಿ ಮುಗಿಯುವಂತಿರಲಿಲ್ಲ. ರುಜುವಾತಾದರೆ ಹೋಟೆಲಿನ ಲೈಸೆನ್ಸೇ ಹೋಗುತ್ತಿತ್ತು. ಹೊಸದಾಗಿ ಬಂದಿದ್ದ ಹೆಲ್ತ್ ಇನ್‌ಸ್ಪೆಕ್ಟರ್ ಶಿವಯ್ಯ, ಅರ್ಜಿದಾರರು ಜೊತೆಗಿರಬೇಕೆಂದು ರಾಜೀಮತಿಯನ್ನು ಕರೆಸಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಹೋಟೆಲಿನ ಮುಂಬಾಗಿಲಿಂದ ಒಳಗೆ ಕಾಲಿಟ್ಟಳು. ಹೊನ್ನಕ್ಕ ಒಲೆಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಮುಖ ಬೂದಿ ಬಳಿದಂತಾಗಿತ್ತು. ಇನ್‌ಸ್ಪೆಕ್ಟರು ಅರ್ಜಿಯನ್ನು ಗಟ್ಟಿಯಾಗಿ ಓದಿ, ಕೊಳೆತ ಮಾಂಸದ ಸಾಲಿಗೆ ಬಂದಾಗ ತಲೆಯೆತ್ತಿ, ಇದನ್ನು ಕಣ್ಣಾರೆ ನೋಡಿದ್ದೀರಾ ಟೀಚರ್ ಎಂದು ಕೇಳಿದರು.

ನೋಡಿದ್ದೇನೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂಬತ್ತು ವರ್ಷದ ಹೊಗೆ, ಘಾಟು, ಬಾವಿಕಟ್ಟೆಯ ಮೂಳೆ ಎಲ್ಲವೂ ಮುಗಿಯುತ್ತಿತ್ತು. ಊರಿನಲ್ಲಿ ಟೀಚರ ಮಾತನ್ನು ಸುಳ್ಳೆನ್ನುವವರು ಯಾರೂ ಇರಲಿಲ್ಲ, ಆಗದವರು ಕೂಡ.

“ಇಲ್ಲ,” ಎಂದಳು ರಾಜೀಮತಿ. “ಅದು ಸುಳ್ಳು. ನಾನೇ ಬರೆದದ್ದು, ನೋಡದೆ ಬರೆದದ್ದು. ಎಂಟೊಂಬತ್ತು ತಿಂಗಳಿಂದ ದಿನಾ ಬೆಳಿಗ್ಗೆ ಈಕೆ ತರೋ ಮಾಂಸ ನೋಡಿದೀನಿ. ಒಂದು ದಿನವೂ ಹಳಸಿದ್ದು ತಂದಿಲ್ಲ. ಪಾತ್ರೆ ಬೂದಿ ಹಾಕಿ ತಿಕ್ತಾಳೆ, ಕೈ ತೊಳೀತಾಳೆ. ಆ ಸಾಲು ಹೊಡೆದುಹಾಕಿ.” ಶಿವಯ್ಯನವರು ಅರ್ಜಿಯನ್ನೇ ಮಡಿಸಲು ಹೋದಾಗ ಅವಳು ಕೈಯೆತ್ತಿ ತಡೆದಳು. “ಹೊಗೆ, ಮೂಳೆ ಎರಡೂ ನಿಜ. ಅವನ್ನ ಹೊಡೀಬೇಡಿ.”

ಹೊನ್ನಕ್ಕನ ಮುಖಕ್ಕೆ ಜೀವ ಬಂತು. ಜೀವ ಬಂದ ಕೂಡಲೇ ಮಾತೂ ಬಂತು.

“ಸುಳ್ ಬರ್ದೆ ಅಂತ ಅವರೇ ಒಪ್ಕಂಡ್ರಲ್ಲ ಸಾ, ಅದಕ್ಕೆ ಸಿಕ್ಸೆ ಏನೂ ಇಲ್ವಾ?”

ಶಿಕ್ಷೆ ಏನೂ ಆಗಲಿಲ್ಲ. ಆದರೆ ಇನ್‌ಸ್ಪೆಕ್ಟರು ಒಲೆಗೆ ಚಿಮಣಿ ಕಟ್ಟಿಸಬೇಕು, ಮೂಳೆಯನ್ನು ಮುಚ್ಚಳದ ಡಬ್ಬದಲ್ಲಿ ಹಾಕಬೇಕು ಎಂದು ಬರೆದು ಹೋದರು. ಚಿಮಣಿ ಕಟ್ಟುವ ಹದಿನೈದು ದಿನ ಹೋಟೆಲು ಮುಚ್ಚಬೇಕಾಯಿತು. ಆ ಹದಿನೈದು ದಿನವೂ ಹೊನ್ನಕ್ಕ ಗೋಡೆಯ ಪಕ್ಕ ಮೂರು ಕಲ್ಲು ಹೂಡಿ, ಕುಡಿಕೆಯೊಂದನ್ನೇ ಬೇಯಿಸಿಟ್ಟಳು. ಬೇಯುವಷ್ಟು ಹೊತ್ತೂ ರಾಜೀಮತಿಯನ್ನು ಅವಳ ವಂಶ ಸಮೇತ ಬೈದಳು. ರಾಜೀಮತಿ ಗೋಡೆಯ ಈಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳದಲ್ಲಿ ವ್ಯಾಕರಣ ತಪ್ಪಿದ ಕಡೆ ಒಂದೆರಡು ಸಲ ತಿದ್ದಿದ್ದಕ್ಕೆ ಬೈಗುಳ ಇನ್ನೂ ಹೆಚ್ಚಾಯಿತು.

ಡಾಕ್ಟರು ಒಂದು ವರ್ಷ ಎಂದಿದ್ದರು. ಬೆಕ್ಕು ಎರಡು ವರ್ಷ ನಾಲ್ಕು ತಿಂಗಳು ಬದುಕಿತು. ಕೊನೆಯ ಚಳಿಗಾಲದಲ್ಲಿ ಮತ್ತೆ ನಾತ ಶುರುವಾಯಿತು, ಬಾಯಲ್ಲಿ ಹುಣ್ಣಾಯಿತು. ಮಾಂಸದ ಚೂರು ಅಗಿಯಲಾರದೆ ಬಿಡುವುದನ್ನು ನೋಡಿ ಹೊನ್ನಕ್ಕ ಅದನ್ನು ಒರಳಲ್ಲಿ ಅರೆದು ಕೊಟ್ಟಳು. ರಾಜೀಮತಿ ಅನ್ನವನ್ನು ಗಂಜಿ ಮಾಡಿ, ಬೆರಳಿಗೆ ತುಪ್ಪ ಹಚ್ಚಿ ನೆಕ್ಕಿಸಿದಳು. ಆಮೇಲೆ ಅದೂ ಬೇಡವಾಯಿತು. ೧೯೬೩ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬೆಕ್ಕು ಬಾವಿಕಟ್ಟೆಯ ಬಟ್ಟಲಿನ ಪಕ್ಕ ಗಲ್ಲವನ್ನು ಕಲ್ಲಿಗಿಟ್ಟು ಮಲಗಿತ್ತು. ರಾಜೀಮತಿ ಮುಟ್ಟಿದರೆ ತಣ್ಣಗಿತ್ತು. ಅವಳು ಬಹಳ ಹೊತ್ತು ಅಲ್ಲೇ ಕೂತಳು. ಶಾಲೆಗೆ ಹೋಗಲಿಲ್ಲ. ಗೋಡೆಯ ಮೇಲೆ ಕುಡಿಕೆ ಬಂತು, ಅವಳು ಎತ್ತಿಕೊಳ್ಳದೇ ಇದ್ದದ್ದನ್ನು ನೋಡಿ ಹೊನ್ನಕ್ಕ ಆಚೆಯಿಂದ ಇಣುಕಿದಳು. ಗೋಡೆಯಾಚೆ ಅವಳು ಅತ್ತದ್ದು ಕೇಳಿಸಿತು. ರಾಜೀಮತಿ ತಿರುಗಿ ನೋಡಲಿಲ್ಲ, ಏಕೆಂದರೆ ತನ್ನ ಮುಖ ಅವಳಿಗೆ ಕಾಣಬಾರದಾಗಿತ್ತು.

ಹೂಳುವ ಮಾತಿನಲ್ಲೂ ಜಗಳವಾಯಿತು. ಸತ್ತದ್ದು ನನ್ನ ಹಿತ್ತಿಲಲ್ಲಿ, ಹೂಳುವುದೂ ಇಲ್ಲೇ ಎಂದು ಒಬ್ಬಳು. ಒಲೆಯ ಮುಂದೆ ಮಲಗಿ ಬೆಳೆದದ್ದು ನನ್ನಲ್ಲಿ, ಮಣ್ಣು ನನ್ನದೇ ಆಗಬೇಕು ಎಂದು ಇನ್ನೊಬ್ಬಳು. ಎರಡೂ ಕಡೆಯ ದನಿ ಬಸ್ ನಿಲ್ದಾಣಕ್ಕೆ ಕೇಳಿಸಿ ಜನ ಸೇರಿದರು. ಕೊನೆಗೆ ಹೊನ್ನಕ್ಕ ಗೋಡೆ ಹತ್ತಿ ಈಚೆಗೆ ಇಳಿದು ತಾನೇ ಹಾರೆ ಹಿಡಿದಳು. ಗೋಡೆಯ ಬುಡದಲ್ಲಿ, ರಾಜೀಮತಿಯ ಕಡೆಗೇ, ಮೊಣಕಾಲಾಳದ ಗುಂಡಿ ತೋಡಿದಳು. ರಾಜೀಮತಿ ಹಳೆಯ ರೇಷ್ಮೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಬೆಕ್ಕನ್ನು ಇಳಿಸಿದಳು. ಮಣ್ಣು ಎಳೆದ ಮೇಲೆ ಹೊನ್ನಕ್ಕ ಬಂದ ದಾರಿಯಲ್ಲೇ ಗೋಡೆ ಹತ್ತಿ ಹೋದಳು. ಅಂದಿನಿಂದ ಇಬ್ಬರೂ ಗೋಡೆಯ ಹತ್ತಿರ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಒಬ್ಬಳು ಆ ಬದಿಗೆ, ಒಬ್ಬಳು ಈ ಬದಿಗೆ.

ಆ ಬೇಸಿಗೆಯಲ್ಲಿ ಡಾಕ್ಟರ್ ಚನ್ನಬಸವಯ್ಯನವರಿಂದ ಒಂದು ಕಾರ್ಡು ಬಂತು. ಹಾಸನದಲ್ಲಿ ರೈಲ್ವೆ ಅಧಿಕಾರಿಯೊಬ್ಬರ ಮನೆಯ ಬೆಕ್ಕಿಗೆ ಅದೇ ಕಾಯಿಲೆ ಬಂದಿದೆ, ನಿಮ್ಮ ಬೆಕ್ಕು ಎಷ್ಟು ದಿನ ಇತ್ತು, ಏನೇನು ಹೇಗೆ ಹಾಕಿದಿರಿ ಎಂದು ವಿವರವಾಗಿ ಬರೆದು ತಿಳಿಸಿದರೆ ಉಪಕಾರವಾಗುತ್ತದೆ ಎಂದಿತ್ತು. ರಾಜೀಮತಿ ಶಾಲೆಯಿಂದ ಬಂದು, ರೂಲು ಹಾಕಿದ ಹಾಳೆ ತೆಗೆದು, ಮಕ್ಕಳಿಗೆ ಕಾಪಿ ಬರೆಸುವ ಗುಂಡನೆಯ ಅಕ್ಷರದಲ್ಲಿ ನಾಲ್ಕು ಪುಟ ಬರೆದಳು. ಯಾವ ತಿಂಗಳು ಎಷ್ಟು ತಿಂದಿತು, ಎಷ್ಟು ಬಟ್ಟಲು ನೀರು ಕುಡಿಯಿತು, ಹಳೆಯ ಊಟ ಬಿಡಿಸಲು ಇಪ್ಪತ್ತು ದಿನ ಬೇಕಾಯಿತು, ಒಮ್ಮೆಗೇ ಬದಲಿಸಿದರೆ ಬೆಕ್ಕು ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ, ಊಟ ಬೆಚ್ಚಗಿರಬೇಕು, ಎರಡು ತೊಟ್ಟು ಕೋಳಿ ಕೊಬ್ಬು ಹಾಕಿದರೆ ಮೂಗಿಗೆ ಹಿಡಿಸುತ್ತದೆ, ಎಲ್ಲವನ್ನೂ ಬರೆದಳು. ಕೊನೆಯ ಪುಟದಲ್ಲಿ ಹೀಗೆ ಸೇರಿಸಿದಳು: ‘ಮೇಲೆ ಹೇಳಿದ್ದರಲ್ಲಿ ಅನ್ನ, ತುಪ್ಪ, ನೀರಿನ ವಿಷಯ ಮಾತ್ರ ನನ್ನದು. ಉಳಿದದ್ದೆಲ್ಲ ಇಲ್ಲಿ ಹೋಟೆಲು ನಡೆಸುವ ಹೊನ್ನಕ್ಕ ಎಂಬುವರು ಕಂಡುಕೊಂ‍ಡದ್ದು. ನನಗೂ ಅವರಿಗೂ ಮಾತಿಲ್ಲ. ಹೆಚ್ಚಿನ ವಿವರ ಬೇಕಾದಲ್ಲಿ ಅವರನ್ನೇ ನೇರವಾಗಿ ಕೇಳತಕ್ಕದ್ದು. ಅವರಿಗೆ ಓದು ಬರುವುದಿಲ್ಲ, ಆದ್ದರಿಂದ ತಾವೇ ಬರಬೇಕಾಗುತ್ತದೆ.’

ಸಹಿ ಮಾಡಿ, ಲಕೋಟೆ ಅಂಟಿಸಿ, ಸಂಜೆಯ ಟಪಾಲಿಗೆ ಹಾಕಿ ಬಂದಳು.